ಬೀಸುಬಲೆಗೆ ಹಗುರ ಸೀಸ: ಮನೆಯಲ್ಲೇ ಎರಕ ಹೊಯ್ಯಬಹುದೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಶಿರಿಯ ಹೊಳೆಯ ಬದಿಯಲ್ಲಿ. ತೋಟದ ಕೆಲಸ ಮುಗಿದ ಸಂಜೆಗಳಲ್ಲಿ ಬೀಸುಬಲೆ ಹಾಕುವ ಹವ್ಯಾಸ. ಎರಡೂವರೆ ಮೀಟರಿನ ಬಲೆ, ಅಂಚಿಗೆ ಇಪ್ಪತ್ತು ಗ್ರಾಮಿನ ಸೀಸದ ಗುಂಡುಗಳು. ವಯಸ್ಸು ಅರುವತ್ತು ದಾಟಿತು, ಬಲಭುಜ ಮಾತು ಕೇಳುತ್ತಿಲ್ಲ. ಹಗುರದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ಯೋಣ ಎಂದಿದ್ದೇನೆ. ಹಳೆಯ ಸ್ಕೂಟರಿನ ಬ್ಯಾಟರಿ ಒಂದು ಮೂಲೆಯಲ್ಲಿದೆ. ಅಟ್ಟದಲ್ಲಿ ಅಜ್ಜನ ಕಾಲದ, ಇಕ್ಕಳದಂಥ ಕಬ್ಬಿಣದ ಅಚ್ಚು ಸಿಕ್ಕಿದೆ. ಬಾಯಿ ಮುಚ್ಚಿದರೆ ಒಳಗೆ ಗೋಲಿಯಷ್ಟು ಉರುಟು ಗುಳಿ. ಕಳೆದ ತಿಂಗಳು ಒಂದು ಹಿಡಿ ಹಳೆಯ ಗುಂಡುಗಳನ್ನು ಬಚ್ಚಲಿನ ಒಲೆಯಲ್ಲಿ ಕರಗಿಸಿ ನೋಡಿದೆ, ಸುಲಭವಾಗಿಯೇ ಕರಗಿತು. ಮುಂದುವರಿಯಬಹುದೆ? ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ, ಹಾಗಾಗಿ ಕೇಳುತ್ತಿದ್ದೇನೆ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ಎರಡು ವರ್ಷದ ಮಗು ಓಡಾಡುವ ಮನೆಯಲ್ಲಿ ಸೀಸ ಕರಗಿಸುವ ಕೆಲಸ ಬೇಡ. ಒಲೆಯಲ್ಲೂ ಬೇಡ, ಅಂಗಳದಲ್ಲೂ ಬೇಡ. ಹಾಗೆಂದು ನಿಮ್ಮ ಬಲೆ ಹಗುರವಾಗದೇ ಇರಬೇಕಾಗಿಲ್ಲ. ಒಲೆ ಹಚ್ಚದೆಯೇ ಆ ಕೆಲಸ ಮಾಡುವ ದಾರಿ ಇದೆ, ಅದನ್ನು ಕೆಳಗೆ ಹೇಳುತ್ತೇನೆ. ಎರಕದ ವಿಷಯವನ್ನೂ ಹೇಳುತ್ತೇನೆ, ಯಾಕೆಂದರೆ ಒಂದು ಸಲ ಕರಗಿಸಿ ನೋಡಿದವರು ಇನ್ನೊಂದು ಸಲ ಕರಗಿಸದೆ ಬಿಡುವವರಲ್ಲ. ಮೂವತ್ತು ವರ್ಷ ಎರಕದ ಕೆಲಸದಲ್ಲೇ ಇದ್ದವನು ನಾನು, ಆ ಚಪಲ ನನಗೆ ಗೊತ್ತು.

ಮೊದಲು ಲೆಕ್ಕ. ನಡುವಿನಿಂದ ಅಂಚಿಗೆ ಎರಡೂವರೆ ಮೀಟರಿನ ಬಲೆ ಪೂರ್ತಿ ಅರಳಿ ನೀರಿಗೆ ಬಿದ್ದರೆ ಅಂಚಿನ ಸುತ್ತಳತೆ ಹದಿನೈದು ಮುಕ್ಕಾಲು ಮೀಟರಿನ ಹತ್ತಿರ. ಹತ್ತು ಸೆಂಟಿಮೀಟರಿಗೆ ಒಂದರಂತೆ ಇಪ್ಪತ್ತು ಗ್ರಾಮಿನ ಗುಂಡು ಕಟ್ಟಿದ್ದರೆ ಒಟ್ಟು 157 ಗುಂಡು, ಮೂರು ಕಿಲೋ ಚಿಲ್ಲರೆ. ಇದನ್ನು ಹಗುರ ಮಾಡಲು ಹೆಚ್ಚಿನವರು ಮಾಡುವ ಕೆಲಸವೆಂದರೆ ಒಂದು ಬಿಟ್ಟು ಒಂದರಂತೆ ಗುಂಡು ಬಿಚ್ಚುವುದು. ಭಾರ ಅರ್ಧವಾಗುತ್ತದೆ ನಿಜ, ಆದರೆ ಎರಡು ಗುಂಡುಗಳ ನಡುವಿನ ಹಗ್ಗ ಹೊಳೆಯ ತಳದಿಂದ ಕಮಾನಿನಂತೆ ಮೇಲೇಳುತ್ತದೆ. ಕಾಣೆ ಮೀನಿಗೆ ಅಷ್ಟು ಸಂದು ಸಾಕು, ಹೊಟ್ಟೆ ಮರಳಿಗೆ ತಾಗಿಸಿಕೊಂಡೇ ನುಸುಳಿ ಹೋಗುತ್ತದೆ. ಸಿಗಡಿಯ ಮಾತಂತೂ ಬೇಡ. ಹಗುರ ಮಾಡುವುದಾದರೆ ಗುಂಡು ಸಣ್ಣದಾಗಬೇಕು, ಜತೆಗೆ ಒತ್ತಾಗಬೇಕು. ಹತ್ತು ಗ್ರಾಮಿನ ಗುಂಡನ್ನು ಏಳು ಸೆಂಟಿಮೀಟರಿಗೆ ಒಂದರಂತೆ ಕಟ್ಟಿ. 224 ಗುಂಡು ಬೇಕಾಗುತ್ತದೆ, ಒಟ್ಟು ಎರಡೂಕಾಲು ಕಿಲೋ. ಒಂಬೈನೂರು ಗ್ರಾಮಿನಷ್ಟು ಇಳಿಯಿತು, ಅಂಚೂ ತಳಕ್ಕೆ ಅಂಟಿಕೊಂಡಿತು.

ಇದಕ್ಕಿಂತ ಹಗುರ ಮಾಡಬೇಡಿ. ಬಲೆ ಮುಳುಗುವುದು ನಿಧಾನವಾದಷ್ಟೂ ಮೀನಿಗೆ ಸಮಯ ಸಿಗುತ್ತದೆ. ಸೊಂಟದಾಳದ ನಿಂತ ನೀರಿನಲ್ಲಿ ತೊಂದರೆ ಕಾಣದು. ಅಳಿವೆಯ ಹತ್ತಿರ ಇಳಿತದ ಹೊತ್ತಿನಲ್ಲಿ ಬೀಸಿದರೆ ತಳ ಮುಟ್ಟುವ ಮೊದಲೇ ಬಲೆ ಓರೆಯಾಗಿ ಮಡಚಿಕೊಳ್ಳುತ್ತದೆ.

ಈಗ ಅಟ್ಟದ ಅಚ್ಚು. ನೀವು ಬರೆದ ವಿವರದಿಂದ ನೋಡಿದರೆ ಅದು ಬಲೆಯ ಗುಂಡಿನ ಅಚ್ಚಲ್ಲ, ಕೋವಿಯ ಗುಂಡಿನದು. ಬಾಯಿಯ ಕಡೆಯಿಂದ ಮದ್ದು ತುಂಬುವ ಕೇಪಿನ ಕೋವಿಗಳ ಕಾಲದಲ್ಲಿ ತೋಟಕ್ಕೆ ಬರುವ ಹಂದಿಗೆ ಈಡು ಹಾಕುವವರ ಮನೆಗಳಲ್ಲಿ ಇಂಥ ಇಕ್ಕಳಗಳು ಇರುತ್ತಿದ್ದವು. ಬಲೆಗೆ ಅದು ಉಪಯೋಗಕ್ಕೂ ಬಾರದು. ಉರುಟು ಗುಂಡಿಗೆ ಹಗ್ಗ ಪೋಣಿಸುವ ತೂತು ಎಲ್ಲಿಂದ ತರುತ್ತೀರಿ? ಅದಕ್ಕಿಂತ ದೊಡ್ಡ ಮಾತು ಕಾನೂನಿನದು. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡು ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಸಾಮಗ್ರಿಯೂ ಸೇರಿವೆ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಮನೆಯಲ್ಲಿ ಯಾರ ಹೆಸರಿನಲ್ಲಾದರೂ ಕೋವಿಯ ಅಥವಾ ರಿವಾಲ್ವರಿನ ಲೈಸೆನ್ಸು ಇದ್ದರೂ ಅದು ಆಯುಧ ಇಟ್ಟುಕೊಳ್ಳಲು ಮತ್ತು ಇಂತಿಷ್ಟು ತೋಟೆ ಅಂಗಡಿಯಿಂದ ಕೊಳ್ಳಲು ಕೊಟ್ಟ ಅನುಮತಿ. ಗುಂಡು ಹೊಯ್ಯಲು ಕೊಟ್ಟದ್ದಲ್ಲ. ನೀವು ಮೀನಿಗಾಗಿಯೇ ಹೊಯ್ದಿರಬಹುದು, ಆದರೆ ಕೋವಿಯ ಅಚ್ಚಿನಲ್ಲಿ ಹೊಯ್ದ ಇನ್ನೂರು ಉರುಟು ಗುಂಡುಗಳ ಡಬ್ಬಿಯನ್ನು ನೋಡಿದ ಪೊಲೀಸರಿಗೆ ಅದನ್ನು ತಿಳಿಸಿ ಹೇಳುವ ಕಷ್ಟ ಯಾಕೆ ಬೇಕು? ಅಚ್ಚನ್ನು ಒಬ್ಬ ವಕೀಲರಿಗೆ ತೋರಿಸಿ, ಅವರು ಹೇಳಿದಂತೆ ಮಾಡಿ. ಒಲೆಯ ಹತ್ತಿರ ಮಾತ್ರ ತರಬೇಡಿ.

ಬ್ಯಾಟರಿಯ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಬ್ಯಾಟರಿ ಒಡೆಯಲೇಬೇಡಿ. ಒಳಗಿರುವುದು ಸೀಸದ ಗಟ್ಟಿ ಎಂದು ಜನ ಭಾವಿಸುತ್ತಾರೆ. ಅರ್ಧಕ್ಕರ್ಧ ಅದು ಗಟ್ಟಿಯೇ ಅಲ್ಲ; ಜಾಲರಿಗೆ ಮೆತ್ತಿದ ಸೀಸದ ಆಕ್ಸೈಡ್ ಮತ್ತು ಸಲ್ಫೇಟಿನ ಲೇಪ. ಒಣಗಿದರೆ ಗೋಧಿ ಹಿಟ್ಟಿಗಿಂತ ನುಣುಪಿನ ಪುಡಿ. ಜತೆಗೆ ಗಂಧಕಾಮ್ಲ. ಜಾಲರಿಯ ಸೀಸಕ್ಕೆ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಂಗಳನ್ನು ಬೆರೆಸಿರುತ್ತಾರೆ. ಅದನ್ನು ಕರಗಿಸಿ ತೆಗೆದ ಕಿಟ್ಟಕ್ಕೆ ನೀರಿನ ಪಸೆ ತಾಗಿದರೆ ಆರ್ಸೀನ್ ಎಂಬ ವಿಷಾನಿಲ ಹುಟ್ಟಬಹುದು. ನಮ್ಮ ಮಳೆಗಾಲದ ಗಾಳಿಯಲ್ಲಿ ಪಸೆಗೆ ಬರಗಾಲವೆ? ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರಿನ ಹೊರವಲಯದಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದ ಒಂದು ಕೇರಿಯಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ ಹದಿನೆಂಟು ಮಕ್ಕಳು ತೀರಿಕೊಂಡರು. ಆ ಮಕ್ಕಳು ಬ್ಯಾಟರಿ ಒಡೆದವರಲ್ಲ, ಆ ಮಣ್ಣಿನಲ್ಲಿ ಆಡಿದವರು. ನಿಮ್ಮ ಸ್ಕೂಟರ್ ಬ್ಯಾಟರಿಯನ್ನು ಬ್ಯಾಟರಿ ಅಂಗಡಿಗೇ ಕೊಡಿ. ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ, ಹೊಸದು ಕೊಂಡರೆ ಬೆಲೆಯಲ್ಲಿ ಒಂದಿಷ್ಟು ಕಡಿತವೂ ಸಿಗುತ್ತದೆ.

ಹಾಗಾದರೆ ಒಲೆ ಇಲ್ಲದ ದಾರಿ. ಸೀಸದ ತಗಡು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಎರಡು ಮಿಲಿಮೀಟರ್ ದಪ್ಪದ್ದು ತನ್ನಿ. ಸೀಸದ ಸಾಂದ್ರತೆ 11.34, ಅಂದರೆ ಹತ್ತು ಗ್ರಾಂ ಸೀಸ ಒಂದು ಘನ ಸೆಂಟಿಮೀಟರಿಗಿಂತ ಕಮ್ಮಿ ಜಾಗ ಹಿಡಿಯುತ್ತದೆ. ಆ ಲೆಕ್ಕದಲ್ಲಿ 22 ಮಿಲಿಮೀಟರ್ ಉದ್ದ, 20 ಮಿಲಿಮೀಟರ್ ಅಗಲದ ತುಂಡು ಸರಿಯಾಗಿ ಹತ್ತು ಗ್ರಾಂ ತೂಗುತ್ತದೆ. ತಗಡು ಕತ್ತರಿಸುವ ಕತ್ತರಿಯಿಂದ ತುಂಡು ಮಾಡಿ. ಗರಗಸ ಬೇಡ, ಅರವೂ ಬೇಡ, ಅವು ಪುಡಿ ಮಾಡುತ್ತವೆ, ಕತ್ತರಿ ಮಾಡುವುದಿಲ್ಲ. ತುಂಡನ್ನು ಒಂದು ಮೊಳೆಯ ಮೇಲೆ ಅರ್ಧ ಸುತ್ತಿ ದೋಣಿಯಂತೆ ಬಗ್ಗಿಸಿ. ಅಂಚಿನ ಹಗ್ಗವನ್ನು ಆ ದೋಣಿಯೊಳಗೆ ಮಲಗಿಸಿ ಇಕ್ಕಳದಿಂದ ಎರಡೂ ಕಡೆ ಒತ್ತಿ ಮುಚ್ಚಿ. ಆಮೇಲೆ ಹಲಗೆಯ ಮೇಲಿಟ್ಟು ಮರದ ಕೊಡತಿಯಿಂದ ಹಗುರವಾಗಿ ಉರುಳಿಸುತ್ತ ತಟ್ಟಿದರೆ ಕೊನೆಗಳು ದುಂಡಗಾಗುತ್ತವೆ, ಬಲೆಯ ನೂಲು ಸಿಕ್ಕಿಕೊಳ್ಳುವುದಿಲ್ಲ. ಮೊದಲ ಹತ್ತು ಅಡ್ಡಾದಿಡ್ಡಿ ಬರುತ್ತವೆ. ಐವತ್ತರ ಹೊತ್ತಿಗೆ ಕೈ ಕೂರುತ್ತದೆ. ಎರಡು ಸಂಜೆಯ ಕೆಲಸ.

ಇಲ್ಲಿ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಹೊಳೆಯ ಬದಿಯಲ್ಲಿ ಗುಂಡು ಸಡಿಲಾದರೆ ಇಕ್ಕಳ ಹುಡುಕುವ ಬದಲು ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡುವವರನ್ನು ಎಷ್ಟು ಮಂದಿಯನ್ನು ನೋಡಿದ್ದೇನೆ! ಅದೇ ಕೈಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುವುದು ಬೇರೆ. ಗಟ್ಟಿ ಸೀಸವನ್ನು ಮುಟ್ಟಿದ ಮಾತ್ರಕ್ಕೆ ಚರ್ಮದೊಳಗೆ ಹೋಗುವುದು ಅಷ್ಟಕ್ಕಷ್ಟೆ. ಅದು ಹೋಗುವುದು ಬಾಯಿಯಿಂದ. ಸೀಸವನ್ನು ಬೆರಳಿನಿಂದ ತಿಕ್ಕಿ ಬಿಳಿ ಕಾಗದದ ಮೇಲೆ ಒತ್ತಿ ನೋಡಿ, ಪೆನ್ಸಿಲಿನಿಂದ ಎಳೆದಂತೆ ಬೂದು ಗುರುತು ಬೀಳುತ್ತದೆ. ಎಲೆ ಅಡಿಕೆಯ ಜೊತೆ ಬಾಯಿಗೆ ಹೋಗುವುದು ಅದೇ ಬೂದು.

ಸೀಸವೇ ಬೇಡ ಎನ್ನುವವರಿಗೆ ಸ್ಟೀಲಿನ ನಟ್ಟು ಇದೆ. ಹತ್ತು ಮಿಲಿಮೀಟರ್ ಬೋಲ್ಟಿನ ನಟ್ಟು ಸುಮಾರು ಹನ್ನೊಂದು ಗ್ರಾಂ ಇರುತ್ತದೆ. ನೀರಿನೊಳಗೆ ಸೀಸ ತನ್ನ ತೂಕದ ನೂರಕ್ಕೆ ಒಂಬತ್ತರಷ್ಟು ಕಳೆದುಕೊಂಡರೆ ಕಬ್ಬಿಣ ಹದಿಮೂರರಷ್ಟು ಕಳೆದುಕೊಳ್ಳುತ್ತದೆ, ಹಾಗಾಗಿ ಮುಳುಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತೊಂದರೆ ಬೇರೆ: ನಟ್ಟಿನ ಮೂಲೆಗಳು ನೂಲನ್ನು ಕೊರೆಯುತ್ತವೆ, ಸಾದಾ ಕಬ್ಬಿಣವಾದರೆ ನಮ್ಮ ಉಪ್ಪುನೀರಿಗೆ ಒಂದು ಮಳೆಗಾಲದಲ್ಲಿ ತುಕ್ಕು ಉದುರಿಸುತ್ತದೆ. ತುಕ್ಕು ಹಿಡಿಯದ ಸ್ಟೀಲಿನದು ದುಬಾರಿ. ಬ್ರಿಟನ್ನಿನಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು 1987ರಲ್ಲೇ ನಿಲ್ಲಿಸಿದರು. ತಳದಲ್ಲಿ ಬಿದ್ದವನ್ನು ಹಂಸಗಳು ಕಲ್ಲಿನ ಹರಳೆಂದು ನುಂಗಿ ಸಾಯುತ್ತಿದ್ದವು. ನಮ್ಮ ಹೊಳೆಗಳಲ್ಲೂ ಬಾತುಗಳಿವೆ, ಗುಂಡು ಕಳಚಿ ಬೀಳದಂತೆ ಬಿಗಿಯಾಗಿ ಕಟ್ಟಿದರೆ ಅವಕ್ಕೂ ಉಪಕಾರ.

ಇನ್ನು ಎರಕ. ಮಗುವಿಲ್ಲದ, ಬಸುರಿ ಹೆಂಗಸಿಲ್ಲದ ಕಡೆ, ಮನೆಯಿಂದ ದೂರ ಯಾರಾದರೂ ಮಾಡುವುದಾದರೆ ಹೇಗೆ ಮಾಡಬೇಕು?

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಗೆರಟೆಯ ಕೆಂಡಕ್ಕೆ ಅದೇನೂ ದೊಡ್ಡದಲ್ಲ, ಅದಕ್ಕೇ ನಿಮಗೆ ಸುಲಭ ಎನಿಸಿತು. ಹೊಯ್ಯಲು ಬೇಕಾದ ಕಾವು 370ರಿಂದ 400. ಐನೂರರ ಆಚೆ ಹೋದರೆ ಕಣ್ಣಿಗೆ ಕಾಣದ ಹೊಗೆ ಹೆಚ್ಚುತ್ತ ಹೋಗುತ್ತದೆ. ಥರ್ಮಾಮೀಟರು ಇಲ್ಲದವರಿಗೆ ನಮ್ಮ ಹಳೆಯ ಮೇಸ್ತ್ರಿ ಹೇಳಿಕೊಟ್ಟ ಉಪಾಯ: ಚೆನ್ನಾಗಿ ಒಣಗಿದ ಮರದ ಕಡ್ಡಿಯನ್ನು ಅದ್ದಿ ತೆಗೆದರೆ ಕಂದಾಗಬೇಕು, ಉರಿ ಹಿಡಿಯಬಾರದು. ಕನ್ನಡಿಯಂತಿರುವ ಮೇಲ್ಮೈಯಲ್ಲಿ ಹೊನ್ನಿನ ಬಣ್ಣ, ಆಮೇಲೆ ನೇರಳೆ ಬಣ್ಣದ ಪೊರೆ ತೆಗೆದ ಹಾಗೆಲ್ಲ ಮತ್ತೆ ಕಟ್ಟುತ್ತಿದ್ದರೆ ಕಾವು ಮೀರಿದೆ, ಕೆಂಡ ಎಳೆಯಿರಿ.

ಪಾತ್ರೆ ಬೀಡಿನದು ಅಥವಾ ದಪ್ಪ ಸ್ಟೀಲಿನದು ಇರಲಿ. ಅಲ್ಯೂಮಿನಿಯಂ ಬೇಡ. ಸತುವಿನ ಲೇಪದ ತಗಡಿನ ಡಬ್ಬಿಯೂ ಬೇಡ. ಸೀಸಕ್ಕೆ ಬಳಸಿದ ಪಾತ್ರೆಯನ್ನೂ ಸೌಟನ್ನೂ ಅಡುಗೆಗೆ ಮತ್ತೆಂದೂ ತಾಗಿಸಬಾರದು. ತೊಳೆದರೂ ಅಷ್ಟೆ, ಬೂದಿಯಲ್ಲಿ ತಿಕ್ಕಿದರೂ ಅಷ್ಟೆ. ಗುಜರಿ ಅಂಗಡಿಯಿಂದ ಕಾರಿನ ಚಕ್ರದ ತೂಕದ ತುಂಡುಗಳನ್ನು ತರುವವರು ಗಮನಿಸಿ, ಅವುಗಳಲ್ಲಿ ಈಗ ಸತು ಮತ್ತು ಕಬ್ಬಿಣದವೂ ಸೇರಿರುತ್ತವೆ. ಸತು 419 ಡಿಗ್ರಿಯವರೆಗೆ ಕರಗದು, ಸೀಸದ ಮೇಲೆ ತೇಲುತ್ತದೆ. ತೇಲಿದ್ದನ್ನು ಇಕ್ಕಳದಿಂದ ಎತ್ತಿ ಎಸೆಯಿರಿ. ಕಾವು ಏರಿಸಿ ಅದನ್ನೂ ಕರಗಿಸಿಬಿಟ್ಟರೆ ಇಡೀ ಪಾತ್ರೆಯ ಸೀಸ ಗಂಜಿಯಂತಾಗಿ ಅಚ್ಚಿಗೆ ಹರಿಯುವುದಿಲ್ಲ.

ಎಲ್ಲಕ್ಕಿಂತ ಹೆದರಬೇಕಾದ್ದು ನೀರಿಗೆ. ಒಂದು ಹನಿ ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ. ಆ ಹನಿ ಸೀಸದ ಮೇಲೆ ಬಿದ್ದರೆ ಚುಂಯ್ ಎಂದು ಹಾರಿಹೋಗುತ್ತದೆ, ಸೀಸದ ಅಡಿಗೆ ಹೋದರೆ ಮಾತ್ರ ಕತೆ ಬೇರೆ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಮಳೆ ಹನಿಯುತ್ತಿದ್ದ ಬೆಳಗ್ಗೆ, ಹೊರಗೆ ತೂಗುಹಾಕಿದ್ದ ಸೌಟನ್ನು ತಂದು ನೇರವಾಗಿ ಕಡಾಯಿಗೆ ಮುಳುಗಿಸಿದೆ. ಸೌಟಿನ ಕೊಳವೆಯಂಥ ಹಿಡಿಯೊಳಗೆ ನೀರು ನಿಂತಿತ್ತು. ಸದ್ದು ಕೇಳಿದ್ದು ನೆನಪಿಲ್ಲ. ಕಡಾಯಿಯಲ್ಲಿದ್ದ ಸೀಸದ ಅರ್ಧ ಪಾಲು ಮಾಡಿನ ಶೀಟಿಗೆ ಅಂಟಿಕೊಂಡಿತ್ತು, ಉಳಿದದ್ದು ನನ್ನ ಎಡಗೈಗೆ ಮತ್ತು ಕನ್ನಡಕಕ್ಕೆ. ಕನ್ನಡಕ ಹಾಕಿಸಿದ್ದು ಮೇಸ್ತ್ರಿಯ ಬೈಗುಳ. ಇಂದಿಗೂ ಎಡಗೈಯ ಮಣಿಕಟ್ಟಿನ ಹತ್ತಿರ ಮೂರು ಬಿಳಿಯ ಚುಕ್ಕೆಗಳಿವೆ. ಆದ್ದರಿಂದ ಸೌಟು, ಅಚ್ಚು, ಹಾಕುವ ಸೀಸದ ತುಂಡು, ಎಲ್ಲವನ್ನೂ ಮೊದಲು ಒಲೆಯ ಅಂಚಿನಲ್ಲಿಟ್ಟು ಬಿಸಿ ಮಾಡಿ ಪಸೆ ಆರಿಸಬೇಕು. ಹೊಳೆಯಿಂದ ತಂದ ಹಳೆಯ ಗುಂಡುಗಳ ತೂತಿನಲ್ಲಿ ನೀರು ಮತ್ತು ಮರಳು ಕೂತಿರುತ್ತವೆ, ಅವನ್ನು ಕರಗಿದ ಸೀಸಕ್ಕೆ ಹಾಕಬೇಡಿ. ತಣ್ಣಗಿನ ಪಾತ್ರೆಯಲ್ಲಿ ಇಟ್ಟೇ ಕಾಯಿಸಿ. ಈ ಕೆಲಸಕ್ಕೆ ಮಕರ, ಕುಂಭದ ಒಣ ದಿನಗಳೇ ಸರಿ, ಮಳೆ ಸುರಿಯುವ ಆಟಿ ತಿಂಗಳಲ್ಲಿ ಕೈ ಹಾಕಬೇಡಿ. ಮೈಮುಚ್ಚುವ ಹತ್ತಿಯ ಬಟ್ಟೆ, ಚರ್ಮದ ಕೈಗವಸು, ಬೂಟು, ಕಣ್ಣಿಗೆ ಕನ್ನಡಕ. ಮುಂಡು ಎತ್ತಿ ಕಟ್ಟಿ ಬರಿಗಾಲಲ್ಲಿ ಕೂತು ಹೊಯ್ಯುವವರನ್ನು ನೋಡಿದರೆ ನನ್ನ ಮಣಿಕಟ್ಟು ತುರಿಸುತ್ತದೆ.

ಅಚ್ಚು ಬಲೆಯ ಗುಂಡಿಗೆಂದೇ ಮಾಡಿದ್ದಾಗಿರಲಿ: ಒಂಬತ್ತು ಮಿಲಿಮೀಟರ್ ದಪ್ಪ, ಹದಿನೇಳು ಮಿಲಿಮೀಟರ್ ಉದ್ದದ ಕೊಳವೆ, ನಡುವೆ ನಾಲ್ಕು ಮಿಲಿಮೀಟರಿನ ಸರಳು. ಆ ಸರಳು ಕಿತ್ತರೆ ತೂತು ಸಿದ್ಧ, ಗುಂಡು ಹತ್ತು ಗ್ರಾಂ. ಬಳಪದ ಕಲ್ಲಿನ ಎರಡು ಹೋಳುಗಳಲ್ಲಿ ಕೊರೆದರೂ ಆಗುತ್ತದೆ. ಅಚ್ಚು ಪೂರ್ತಿ ಕಾಯುವ ತನಕ ಮೊದಲ ಐದಾರು ಸುಕ್ಕುಸುಕ್ಕಾಗಿ ಬರುತ್ತವೆ, ಅವನ್ನು ಮತ್ತೆ ಕರಗಿಸಿದರಾಯಿತು. ತಣಿಸಲು ನೀರಿನಲ್ಲಿ ಅದ್ದುವುದು ಬೇಡ. ಕಾರಣ ಮೇಲೆಯೇ ಇದೆ.

ಎಲ್ಲಿ ಕೂತು ಹೊಯ್ಯಬೇಕು ಎಂದರೆ, ಅಡಿಕೆ ಒಣಗಿಸುವ ಅಂಗಳದಲ್ಲಿ ಅಲ್ಲ. ಹಪ್ಪಳ ಒಣಗುವುದೂ ಅಲ್ಲೇ, ಮಕ್ಕಳು ಆಡುವುದೂ ಅಲ್ಲೇ. ಬಾವಿಕಟ್ಟೆಯ ಬಳಿಯೂ ಅಲ್ಲ. ಮೇಲೆ ತೆಗೆದ ಹಳದಿ ಬೂದು ಕಿಟ್ಟ ನೋಡಲು ಬೂದಿಯಂತಿದ್ದರೂ ಸೀಸದ ಆಕ್ಸೈಡ್. ಗಟ್ಟಿ ಸೀಸಕ್ಕಿಂತ ಬೇಗ ಮೈಗೆ ಸೇರುವುದು ಅದೇ. ಮುಚ್ಚಳದ ಡಬ್ಬಿಗೆ ಹಾಕಿಡಿ, ಗಾಳಿಗೆ ಬಿಡಬೇಡಿ.

ಇಲ್ಲೊಂದು ಪದದ ಗೊಂದಲವನ್ನೂ ಬಿಡಿಸಿಬಿಡುತ್ತೇನೆ, ಗಡಿನಾಡಿನ ನಮಗೆ ಇದು ಹೆಚ್ಚು. ನಮ್ಮ ಹಿರಿಯರು ತವರವನ್ನೂ ಸೀಸವನ್ನೂ ಈಯ ಎಂದೇ ಕರೆಯುತ್ತಿದ್ದರು. ಮಲೆಯಾಳದವರು ವೆಳುತ್ತೀಯಂ, ಕಾರೀಯಂ ಎಂದು ಬಿಳಿಯದನ್ನೂ ಕರಿಯದನ್ನೂ ಬೇರೆ ಮಾಡುತ್ತಾರೆ. ತಮಿಳರು ಸಾರು ಕುದಿಸುವ ಈಯದ ಚೊಂಬು, ಪಾತ್ರೆಗೆ ಹಾಕುವ ಕಲಾಯಿ, ಇವು ಬಿಳಿಯ ಈಯ, ಅಂದರೆ ತವರ. ಬಲೆಗೆ ಕಟ್ಟುವುದು ಕರಿಯದು. ತವರ 232 ಡಿಗ್ರಿಗೇ ಕರಗುತ್ತದೆ, ಬೆಲೆ ಹಲವು ಪಟ್ಟು. "ಈಯದ ಪಾತ್ರೆಯಲ್ಲಿ ಅಜ್ಜಿ ಸಾರು ಮಾಡಲಿಲ್ಲವೆ, ಈಯ ಏನು ಮಾಡುತ್ತದೆ?" ಎಂದು ನನ್ನೊಡನೆ ವಾದಿಸಿದವರಿದ್ದಾರೆ. ಅಜ್ಜಿಯ ಪಾತ್ರೆ ಬೇರೆ, ಅಜ್ಜನ ಬಲೆ ಬೇರೆ.

ಕೊನೆಗೆ, ಕಳೆದ ತಿಂಗಳ ನಿಮ್ಮ ಪ್ರಯೋಗ. ಗಾಬರಿ ಬೇಡ, ಆದರೆ ಕೆಲವು ಕೆಲಸ ಇವತ್ತೇ ಮಾಡಿ. ಬಚ್ಚಲಿನ ಒಲೆಯ ಬೂದಿಯನ್ನು ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕಲೋ ಬದನೆ, ಅಲಸಂಡೆಯ ಬುಡಕ್ಕೋ ಹಾಕುತ್ತೀರಾದರೆ ಆ ಒಲೆಯಲ್ಲಿ ಈಗ ಇರುವ ಬೂದಿಯನ್ನು ಹಾಗೆ ಬಳಸಬೇಡಿ. ನೀರು ಚಿಮುಕಿಸಿ, ಪುಡಿ ಏಳದಂತೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿ. ಒಲೆಯ ಸುತ್ತಲಿನ ನೆಲವನ್ನು ಹಿಡಿಸೂಡಿಯಲ್ಲಿ ಗುಡಿಸಬೇಡಿ, ಪುಡಿ ಹಾರುತ್ತದೆ. ಸೋಪು ನೀರಿನ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ಆ ಬಟ್ಟೆಯನ್ನೂ ಅದೇ ಚೀಲಕ್ಕೆ ಹಾಕಿ. ಅಂದು ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಚೀಲವನ್ನೂ ಕಿಟ್ಟದ ಡಬ್ಬಿಯನ್ನೂ ಮನೆಮನೆಯ ಕಸ ಒಯ್ಯುವ ಹಸಿರುಕರ್ಮ ಸೇನೆಯವರು ಬಂದಾಗ ಒಳಗೇನಿದೆ ಎಂದು ಹೇಳಿಯೇ ವಿಚಾರಿಸಿ, ಸುಮ್ಮನೆ ಕಸದ ಜೊತೆ ಸೇರಿಸಬೇಡಿ.

ಮೊಮ್ಮಗಳನ್ನು ಮಕ್ಕಳ ಡಾಕ್ಟರಿಗೆ ತೋರಿಸಿ, ನಡೆದದ್ದನ್ನು ಮುಚ್ಚಿಡದೆ ಹೇಳಿ, ರಕ್ತದ ಸೀಸದ ಪರೀಕ್ಷೆ ಬೇಕೆ ಎಂದು ಕೇಳಿ. ಬಾಯಿಗೆ ಹೋದ ಸೀಸದಲ್ಲಿ ದೊಡ್ಡವರ ಮೈ ಹಿಡಿದಿಟ್ಟುಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಸಣ್ಣ ಮಕ್ಕಳ ಮೈ ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣ ಯಾವುದೂ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು ಎಂಬುದು 2021ರ ಅದರ ಸೂಚನೆ. ಹೊಟ್ಟೆ ಖಾಲಿ ಇರುವ ಮಗು, ಕಬ್ಬಿಣಾಂಶ ಮತ್ತು ಸುಣ್ಣದಂಶ ಕಮ್ಮಿ ಇರುವ ಮಗು ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಹಾಗಾಗಿ ಡಾಕ್ಟರು ಊಟತಿಂಡಿಯ ಬಗ್ಗೆಯೂ ಕೇಳುತ್ತಾರೆ. ಒಂದೇ ದಿನದ, ಒಂದೇ ಹಿಡಿಯ ಕೆಲಸವಾದ್ದರಿಂದ ಏನೂ ಇಲ್ಲದಿರುವ ಸಂಭವವೇ ಹೆಚ್ಚು. ಆದರೂ ತೋರಿಸಿ.

ತಗಡಿನ ಗುಂಡು ಕಟ್ಟುವ ಕೆಲಸವನ್ನು ಮಗು ಮಲಗಿದ ಮೇಲೆ, ಹಳೆಯ ಪತ್ರಿಕೆ ಹಾಸಿ ಮಾಡಿ. ಮುಗಿದ ಕೂಡಲೇ ಪತ್ರಿಕೆಯನ್ನು ತುಂಡುಗಳ ಸಮೇತ ಮಡಚಿ ಕಟ್ಟಿ. ಬಲೆಯನ್ನು ಈಗ ತೂಗುಹಾಕುವ ಜಗಲಿಯ ಗಿಳಿಗೂಟ ಆಕೆಯ ಕೈಗೆಟಕುವಂತಿದ್ದರೆ ಎರಡು ಮೊಳ ಮೇಲೆ ಹೊಡೆಯಿರಿ. ಬಿಚ್ಚಿದ ಇಪ್ಪತ್ತು ಗ್ರಾಮಿನ ಗುಂಡುಗಳನ್ನು ಗುಜರಿಯವನಿಗೆ ಕೊಟ್ಟರೆ ತಗಡಿನ ದುಡ್ಡಿನಲ್ಲಿ ಒಂದು ಪಾಲು ವಾಪಸು ಬರುತ್ತದೆ. ಭುಜದ ನೋವು ಒಂಬೈನೂರು ಗ್ರಾಂ ಇಳಿಸಿದ ಮೇಲೂ ಉಳಿದರೆ ಅದು ಬಲೆಯದ್ದಲ್ಲ, ಮೂಳೆ ಡಾಕ್ಟರನ್ನು ಕಾಣಿರಿ.